ಬಿಲ್ ಇಲ್ಲದ ಲೆನ್ಸು

ಭಾನುವಾರ ಸಂಜೆ ವಿಧಾನಸೌಧದ ಮುಂದೆ
ರಾಯಚೂರಿನ ಮಗುವೊಂದು ಬಲೂನಿನ ಹಿಂದೆ ಓಡಿ
ನನ್ನ ಕಾಲಿಗೆ ತಗುಲಿ
ಕ್ಯಾಮೆರಾ ಮೂತಿ ಅಡಿಯಾಗಿ ಬಿತ್ತು.
ಎತ್ತಿ ಅಲ್ಲಾಡಿಸಿದೆ: ಲೆನ್ಸಿನೊಳಗೆ ಗಲಗಲ,
ಒಣಗಿದ ಬಾಗೆಕಾಯಿ.
ಮಗುವಿನ ತಾಯಿ ಕೈಮುಗಿದಳು.
ಏನನ್ನಲಿ, ಅವರ ಫೋಟೋ ಇನ್ನೂ ತೆಗೆದಿರಲಿಲ್ಲ.

ಸೋಮವಾರ ಬ್ರಿಗೇಡ್ ರೋಡಿಗೆ ಹೋದೆ.
ಹೋಗಬಾರದೆಂದು ಗೊತ್ತಿದ್ದೂ ಹೋದೆ.
ಎಸ್‌ಪಿ ರೋಡಿನ ರಿಪೇರಿ ಪಾಷಾ
ತಂಗಿ ಮಗಳ ನಿಕಾಹ್‌ಗೆಂದು ಚಿಂತಾಮಣಿಗೆ ಹೋಗಿದ್ದ.
ಬೀಗದ ಮೇಲೆ ಚೀಟಿ: ಗುರುವಾರ.
ಗುರುವಾರದವರೆಗೆ ಹೊಟ್ಟೆ ಕಾಯುತ್ತದೆಯೇ.

ಅಂಗಡಿ ಅಂದರೆ ಅಂಗಡಿ. ತಣ್ಣಗಿನ ಗಾಳಿ.
ಗಾಜಿನ ಹಿಂದೆ ಸಾಲು ಸಾಲು ಲೆನ್ಸು
ಮುಚ್ಚಳ ಹಾಕಿಕೊಂಡು ನಿದ್ದೆ ಹೊಡೆಯುತ್ತಿದ್ದವು.
‘ಆಯಿಯೇ ಸರ್’ ಅಂದ ಹುಡುಗ.
ನನ್ನ ಟೋಪಿ, ಕುತ್ತಿಗೆಯ ಪಟ್ಟಿ, ಹೆಗಲ ಚೀಲ ನೋಡಿ
ನಾಳೆ ಊಟಿ ಬಸ್ಸು ಹತ್ತುವವನು
ಅಂದುಕೊಂಡಿರಬೇಕು.

ಹಳೇ ಲೆನ್ಸು, ಹಿಂದಿಯಲ್ಲಿ ಹದಿನಾಲ್ಕು ಸಾವಿರ.
ನಾನು ಸುಮ್ಮನಿದ್ದೆ.
ಇಂಗ್ಲಿಷಿನಲ್ಲಿ ಹನ್ನೆರಡೂವರೆ.
‘ಹೊಟ್ಟೆಪಾಡು ಕಣಪ್ಪ’ ಅಂದೆ.
ಕನ್ನಡದಲ್ಲಿ ಒಂಬತ್ತಾಯಿತು.
ಬಿಲ್ ಬೇಡ ಅಂದರೆ ಎಂಟು.

ಈ ಮೆಟ್ಟಿಲು ನನಗೆ ಗೊತ್ತು.
ಇಪ್ಪತ್ತೆರಡು ವರ್ಷ ದಿನಾ ಹತ್ತಿ ಇಳಿದಿದ್ದೇನೆ:
ಪಟ್ನಾದವರಿಗೆ ನೂರು, ಮಂಡ್ಯದವರಿಗೆ ಅರವತ್ತು,
ಹೊಸ ಜೋಡಿಗೆ ಚೌಕಾಶಿಯೇ ಇಲ್ಲ,
ಹೆಂಡತಿಯ ಎದುರು ಗಂಡಿಗೆ ನಾಚಿಕೆ.
ಆದರೂ ಕೆಳಗೆ ನಿಂತು ನೋಡಿದರೆ
ಎಷ್ಟು ಎತ್ತರ ಕಾಣುತ್ತದೆ.

‘ಯಾವೂರು ನಿಂದು?’
‘ಆನೇಕಲ್ ಕಡೆ ಸಾರ್. ತಿಮ್ಮರಾಯಿ ಅಂತ.’
‘ಮತ್ತೆ ಹಿಂದಿ ಯಾಕಪ್ಪ?’
‘ಹಿಂದೀಲಿ ಮಾರಿದ್ರೆ ಕಮಿಷನ್ ಜಾಸ್ತಿ.’
ಇಬ್ಬರೂ ನಕ್ಕೆವು.
ನಗುತ್ತಲೇ ಅವನು ಒಂದು ಫಿಲ್ಟರ್ ಮುಂದಿಟ್ಟ,
ಆರು ನೂರು. ನಗುತ್ತಲೇ ನಾನು ಹಿಂದಕ್ಕೆ ತಳ್ಳಿದೆ.

‘ಟೆಸ್ಟ್ ಮಾಡಿ ನೋಡಿ ಸಾರ್.’
ಕ್ಯಾಮೆರಾ ಅವನತ್ತ ತಿರುಗಿಸಿದೆ.
ಬಾಯಿ ತಾನಾಗಿ ಶುರುವಾಯಿತು:
ಗದ್ದ ಸ್ವಲ್ಪ ಎತ್ತಿ, ಬಲಗೈ ಚಾಚಿ,
ಇನ್ನೂ ಮೇಲೆ, ಹಾಂ, ಅಂಗೈ ಅಗಲ ಮಾಡಿ—
ಊರೂರಿನ ಜನಕ್ಕೆಲ್ಲ ಅಂಗೈ ಮೇಲೆ
ವಿಧಾನಸೌಧ ಹೊರಿಸುವವನು ನಾನು.
ಇಲ್ಲಿ ಅವನ ಹಿಂದೆ ಇದ್ದದ್ದು
ಗೋಡೆಯ ಮೇಲಿನ ಹಳೇ ಮಾಲೀಕರು,
ಗಂಧದ ಹಾರ, ಸುತ್ತ ಮಿಣಮಿಣ ಬಲ್ಬು.
ಅವರನ್ನೇ ಕೂರಿಸಿದೆ.

ಪರದೆ ನೋಡಿದ ತಿಮ್ಮರಾಯಿ
ಗಲ್ಲಾದತ್ತ ಒಮ್ಮೆ ಕಣ್ಣು ಹಾಯಿಸಿ, ಮೆಲ್ಲಗೆ,
‘ಇದು ನಂಗೆ ಕಳ್ಸಿ ಸಾರ್, ಅಮ್ಮಂಗೆ ತೋರಿಸ್ತೀನಿ.’
‘ಅರವತ್ತು ರೂಪಾಯಿ’ ಅಂದುಬಿಟ್ಟೆ.
ಬಾಯಿತಪ್ಪಿ ಅಂದದ್ದು, ಆಣೆಗೂ.
ಅವನು ಕ್ಯಾಲ್ಕುಲೇಟರ್ ಒತ್ತಿದ:
ಏಳು ಸಾವಿರದ ಒಂಬೈನೂರ ನಲವತ್ತು.

ಇವತ್ತು ಬೆಳಿಗ್ಗೆ ಲೆನ್ಸನ್ನು ಬಿಸಿಲಿಗೆ ಹಿಡಿದೆ.
ಒಳಗಾಜಿನ ಅಂಚಿನಲ್ಲಿ, ಆಕಾಶ ಬರುವ ಕಡೆ,
ಜೇಡ ಒಂದು ರಾತ್ರಿ ನೇಯ್ದು ಬಿಟ್ಟುಹೋದಂಥ ಬೂಷ್ಟು.
ಅವನಿಗೆ ಗೊತ್ತಿತ್ತೇ?
ಒರೆಸುವ ಬಟ್ಟೆ ಪುಕ್ಕಟೆ ಕೊಡುವಾಗ
ಅವನು ನನ್ನ ಮುಖ ನೋಡಲಿಲ್ಲ.

ವಾಪಸ್ಸು ಹೋಗಲು ಬಿಲ್ ಇಲ್ಲ.
ಹತ್ತು ಗಂಟೆಗೆ ಬೀದರಿನ ಬಸ್ಸು ಬಂತು,
ಹಿಂದೆಯೇ ಸೇಲಂನದು.
ಬನ್ನಿ ಸಾರ್, ಎರಡೇ ನಿಮಿಷ, ಪ್ರಿಂಟ್ ಕೈಗೆ.
ಕೈ ಚಾಚಿದರು, ಅಂಗೈ ಅಗಲಿಸಿದರು,
ಹೊತ್ತರು.

ಒಬ್ಬ ಅಜ್ಜಿ ಮಾತ್ರ ಪ್ರಿಂಟನ್ನು ಕಣ್ಣ ಹತ್ತಿರ ಹಿಡಿದು
ಮೂಲೆಗೆ ಬೆರಳಿಟ್ಟು ಕೇಳಿದಳು, ಇದೇನಪ್ಪ.
‘ಮೋಡ’ ಅಂದೆ.
ಅಜ್ಜಿ ತಲೆಯೆತ್ತಿ
ಮೇಲೆ ನೋಡಿದಳು.
ತುಂಬಾ ಹೊತ್ತು ನೋಡಿದಳು.