ತಲೆದೂಗು

ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಲೋರ್ನಾ ಕೂಬಿಯಾಕ್
ದೀಪದ ಮುಂದೆ ಸಾಗುವ ಬಾಟಲಿಗಳಲ್ಲಿ
ಕೂದಲೆಳೆಯ ಬಿರುಕು ಹುಡುಕಿ
ಎಡಗಡೆಯ ತೊಟ್ಟಿಗೆ ಎಸೆದವಳು.
ಒಡೆದ ಸದ್ದಿಗೆ ತಿರುಗಿಯೂ ನೋಡಿದವಳಲ್ಲ.

ಈಗ ನೆಲಮಾಳಿಗೆ. ಹೊರಗೆ
ಈರೀ ಸರೋವರ ಪಾಚಿಗಟ್ಟಿ ನಾರುವ ಆಗಸ್ಟ್.
ಒಳಗೆ ಎಂಬತ್ತೊಂಬತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ
ಹೆಬ್ಬಾವಿನ ಆರು ಮೊಟ್ಟೆ, ಐವತ್ತೆಂಟನೆಯ ದಿನ.
ಗೋಡೆಯ ಹಾಳೆಯಲ್ಲಿ ನಾಲ್ಕು ಮನೆ ಗೀಚಿ
ಲೆಕ್ಕ ಹಾಕಿಟ್ಟಿದ್ದಾಳೆ:
ತಾಯಿ ಸಾದಾ ಕಂದು, ತಂದೆ ‘ಸ್ಪೈಡರ್’,
ಎರಡಕ್ಕೊಂದು ಚಿತ್ತಾರ.
ಹಾಳೆಗೆ ಗೊತ್ತು; ಮೊಟ್ಟೆಗೇನು ಗೊತ್ತು?

ನಾಲ್ಕು ಬಂದವು!
ಸೀಳಿದ ತೊಗಲಿನಾಚೆ ಒದ್ದೆ ಮೂಗು,
ಜೇನುಬಣ್ಣದ ಮೈಮೇಲೆ ತೆಳ್ಳನೆ ಕರಿಗೆರೆ,
ಜೇಡ ಅರ್ಧ ನೇಯ್ದು
ಯಾರೋ ಕೂಗಿದರೆಂದು ಎದ್ದುಹೋದ ಹಾಗೆ.

ಆಮೇಲೆ ಒಂದರ ತಲೆ ಮೆಲ್ಲಗೆ ಓರೆಯಾಯಿತು,
ಬೆನ್ನ ಕಡೆ ಹೊರಳಿತು, ತಿರುಪಿನಂತೆ ತಿರುಗಿ
ಮೇಲೆ ಯಾವುದು ಕೆಳಗೆ ಯಾವುದು
ಎಂದು ಕೇಳುತ್ತ ನಿಂತಿತು.
ಪುಂಗಿಯಿಲ್ಲ, ಊದುವವನಿಲ್ಲ,
ಇಲಿಮರಿ ತುಂಬಿದ ಫ್ರಿಜ್ಜಿನ ಗುರುಗುರು ಒಂದೇ.

ಮೈಮೇಲೆ ಗೆರೆ ಎಳೆದ ಕೈಯೇ
ಒಳಗಿವಿಯಲ್ಲೂ ಏನೋ ತಪ್ಪು ಕೆತ್ತಿದೆ.
ಗೆರೆ ಇರಲಿ, ನಡುಕ ಬೇಡ
ಎಂದು ಚೌಕಾಸಿ ಮಾಡುವಂತಿಲ್ಲ.

ಐದನೆಯ ವಾರ ಡಿಯರ್‌ಬಾರ್ನ್‌ನಿಂದ ಬಂದ
ಜವಾದ್ ಬಝ್ಝಿ, ಹತ್ತೊಂಬತ್ತರ ಹುಡುಗ,
ಲಕೋಟೆಯಲ್ಲಿ ಬೇಸಿಗೆಯ ಕೂಲಿ.
ಗೆರೆ ನೋಡಿ ತಲೆದೂಗಿದ.
ಹಾವೂ ತಲೆದೂಗಿತು.
‘ನನ್ನನ್ನು ಒಪ್ಪಿದೆ’ ಎಂದು ನಕ್ಕ.

ಲೋರ್ನಾ ನಗಲಿಲ್ಲ. ಹೇಳಿದಳು:
ಇಲಿಗೆ ಗುರಿಯಿಟ್ಟು ಅದು ಗಾಳಿ ಕಚ್ಚುವುದನ್ನು,
ಅದರ ಅಪ್ಪನೂ ಹೀಗೇ ಎಂಬುದನ್ನು,
ಗೊತ್ತಿದ್ದೇ ತಾನು ಜೋಡಿ ಕಟ್ಟಿದ್ದನ್ನು.
ಕೊನೆಯ ಮಾತು ಹೇಳುವಾಗ
ನೀರಿನ ಬಟ್ಟಲು ತೊಳೆಯುತ್ತಿದ್ದಳು.

ಹುಡುಗ ಬಹಳ ಹೊತ್ತು ನಿಂತ.
ನಲವತ್ತು ಡಾಲರಿಗೆ
ಕಂದು ಮರಿಯೊಂದನ್ನು ದಿಂಬಿನ ಚೀಲದಲ್ಲಿ
ಎದೆಗವಚಿಕೊಂಡು ಹೋದ.

ರಾತ್ರಿ ಓರೆತಲೆಯದನ್ನು ಎತ್ತಿ
ದೀಪಕ್ಕೆ ಹಿಡಿದಳು.
ಹಳೆಯ ರೂಢಿ, ಎಡಗೈ ತಾನಾಗಿ ಎಡಕ್ಕೆ ಚಾಚಿತು.
ಅಲ್ಲಿ ತೊಟ್ಟಿಯಿಲ್ಲ, ಬಟ್ಟೆ ಒಗೆಯುವ ಯಂತ್ರ.
ಅದರ ಮೇಲೆ ಕೈಯೂರಿ ನಿಂತಳು.
ಇನ್ನೊಂದು ಮುಂಗೈಗೆ ಎರಡು ಸುತ್ತು ಹಾಕಿ
ಗಟ್ಟಿಯಾಗಿ ಹಿಡಿದುಕೊಂಡಿತ್ತು ಹಾವು.
ತಲೆ ಮಾತ್ರ
ಇನ್ನೂ ಎಲ್ಲೋ ನೆಲ ಹುಡುಕುತ್ತಿತ್ತು.