ಕಲಂ ಹದಿನಾಲ್ಕು

ಹದಿಮೂರು ಕಲಂ ತುಂಬಲು ಒಂದೂವರೆ ಗಂಟೆ ಸಾಕಾಯಿತು.
ಹೊಳೆ: ಯಗಚಿ. ಊರು: ಕಣಗಲಕೊಪ್ಪಲು, ಹಾಸನ ತಾಲ್ಲೂಕು.
ಉದ್ದ ಅರವತ್ತೆರಡು ಮೀಟರು, ಕಂಬ ಮೂರು,
ಬಂಡೆ ಸಿಗುವ ಆಳ, ಹಳೆಯ ನೆರೆಯ ಗುರುತು:
ಈಚಲ ಮರದ ಮೈಮೇಲೆ ಯಾರೋ ಹಾಕಿಟ್ಟ ಕುಡುಗೋಲಿನ ಕಚ್ಚು.
ಹದಿನಾಲ್ಕನೆಯದು: ಯೋಜನೆಯಿಂದ ನಿರೀಕ್ಷಿತ ಆದಾಯ.
ಅಲ್ಲಿ ಪೆನ್ನು ನಿಂತಿತು.

ನಾನು ಸರ್ಕಾರದ ಬ್ಯಾಂಕಿನವಳು.
ಸೇತುವೆಗೆ, ನೀರಿನ ಕೊಳವೆಗೆ, ರೈಲುಕಂಬಿಗೆ ಮಾತ್ರ ಸಾಲ.
ಟ್ರ್ಯಾಕ್ಟರಿಗಿಲ್ಲ, ಬಂಗಾರದ ಮೇಲಿಲ್ಲ ಎಂದರೆ
ಇದೆಂಥ ಬ್ಯಾಂಕು ಎಂದು ಜನ ನಗುತ್ತಾರೆ.

ಹರಿಗೋಲಿನ ದ್ಯಾವಯ್ಯ ನಗಲಿಲ್ಲ.
ಬೋರಲು ಹಾಕಿದ ತಳಕ್ಕೆ ಟಾರು ಬಳಿಯುತ್ತ ಕೇಳಿದ:
'ಆ ದುಡ್ಡು ಯಾರ್ದು ತಾಯಿ?'
ನಿಮ್ಮದೇ, ಅಂದೆ. ನಾಡಿನ ಹೆಸರಲ್ಲಿ ಪತ್ರ ಬರೆಯುತ್ತೇವೆ,
ಮೇಷ್ಟ್ರುಗಳ, ಕಂಡಕ್ಟರುಗಳ ಪಿಂಚಣಿ ದುಡ್ಡು ಅದನ್ನು ಕೊಳ್ಳುತ್ತದೆ.
ಮೂವತ್ತು ವರ್ಷ, ಸಣ್ಣ ಬಡ್ಡಿ.
ತೀರಿ ಬಂದದ್ದರಲ್ಲಿ ಇನ್ನೊಂದು ಹೊಳೆಗೆ ಇನ್ನೊಂದು ಕಂಬ.
'ನಮ್ಮ ದುಡ್ಡು, ನಮಗೇ ಸಾಲ, ಬಡ್ಡಿ ಬೇರೆ!'
ಬ್ರಷ್ಷು ಡಬ್ಬಿಯಲ್ಲೇ ಬಿಟ್ಟು, ಹೊಳೆ ನೋಡಿ ಅಂದ:
'ಹಂಗಾರೆ ಅದು ಸಾಲ ಅಲ್ಲ ಕಣವ್ವ. ಮುಯ್ಯಿ.'

ಮುಯ್ಯಿ.
ನಮ್ಮಮ್ಮನ ಟ್ರಂಕಿನಲ್ಲಿತ್ತು ಅದರ ಪುಸ್ತಕ,
ಕೆಂಪು ರಟ್ಟು, ಅರಿಸಿನದ ಬೆರಳಚ್ಚು:
ದುದ್ದದ ಚಿಕ್ಕಪ್ಪ, ಹನ್ನೊಂದು ರೂಪಾಯಿ.
ಶಾಂತಿಗ್ರಾಮದವರು, ಹಿತ್ತಾಳೆ ಚೊಂಬು ಒಂದು.
ಕೊಟ್ಟವರು ಬಾಯಿಬಿಟ್ಟು ಕೇಳುವುದಿಲ್ಲ,
ಇಸಕೊಂಡವರಿಗೆ ಮಾತ್ರ ರಾತ್ರಿ ಹೊತ್ತು ನೆನಪಾಗುತ್ತದೆ.
ಚಿಕ್ಕಪ್ಪ ಸತ್ತಮೇಲೆ
ಅವನ ಮೊಮ್ಮಗಳ ಧಾರೆಗೆ ಹೋಗಿ ತೀರಿಸಿ ಬಂದಳು ಅಮ್ಮ,
ನೂರಾ ಒಂದು. ಆ ಹುಡುಗಿಗೆ ಯಾಕೆಂದು ಗೊತ್ತಿರಲಿಲ್ಲ.

ಹೋದ ವರ್ಷ ಬೇರೊಬ್ಬರು ಬಂದಿದ್ದರಂತೆ,
ಬಿಳಿ ಕಾರು, ಡ್ರೋನು, ಬೆಣ್ಣೆಯಂಥ ಮಾತು.
ನಾವೇ ಕಟ್ಟುತ್ತೇವೆ, ಇಪ್ಪತ್ತೆಂಟು ವರ್ಷ ಸುಂಕ ನಮ್ಮದು.
ಡೇರಿಯ ರತ್ನಾಕ್ಷಿ ಎದ್ದು ಕೇಳಿದಳಂತೆ:
ಹಾಲಿನ ಕ್ಯಾನಿಗೆಷ್ಟು? ಬಸುರಿಗೆಷ್ಟು?
ಬಸುರಿಯೆಂದರೆ ಒಬ್ಬಳೋ ಇಬ್ಬರೋ, ನಿಮ್ಮ ಲೆಕ್ಕದಲ್ಲಿ?

ಅವಳ ನೋಟುಬುಕ್ಕು ಈಗ ನನ್ನ ಚೀಲದಲ್ಲಿದೆ.
ಸುತ್ತುದಾರಿ ಹತ್ತೊಂಬತ್ತು ಕಿಲೋಮೀಟರು.
ಆಷಾಢದಲ್ಲಿ ಒಡೆದು ಹಿಂದಿರುಗಿದ ಹಾಲು, ಮೂರು ಸಾವಿರದ ಇನ್ನೂರು ಲೀಟರು.
ಲಸಿಕೆ ಡಬ್ಬಿಯ ಐಸು ಕರಗುವ ಮೊದಲು ಸಿಸ್ಟರ್ ಫಿಲೋಮಿನಾ ದಾಟಬೇಕು.
ಎಂಟನೇ ಕ್ಲಾಸಿನ ಹದಿನೇಳು ಹುಡುಗಿಯರಲ್ಲಿ
ಒಂಬತ್ತಕ್ಕೆ ದಾಟಿದವರು ನಾಲ್ವರು.
ಕಳೆಯುವುದು ನಿಂತರೆ ಅದು ಗಳಿಕೆಯೇ ಸಾರ್ ಎಂದು
ಮುಖ್ಯ ಕಚೇರಿಗೆ ಫೋನು ಮಾಡಿದೆ.
ಅಡಿಟಿಪ್ಪಣಿಯಲ್ಲಿ ಹಾಕಿ ಅಂದರು.

ಸೇತುವೆಯಿಂದ ದ್ಯಾವಯ್ಯನಿಗೆ ಏನು ಬರುತ್ತದೆ?
ಏನು ಹೋಗುತ್ತದೆಂದು ನಮ್ಮಿಬ್ಬರಿಗೂ ಗೊತ್ತು,
ಅದಕ್ಕೆ ಕಲಂ ಇಲ್ಲ.
ನನಗೆ ಕೇಳಲು ಬಾಯಿ ಬರಲಿಲ್ಲ.
ನಡುಹೊಳೆಯಲ್ಲಿ ಹುಟ್ಟು ಎತ್ತಿ ಹಿಡಿದು ಅವನೇ ಹೇಳಿದ:
'ನಿಮ್ಮ ನಡುಗಂಬ ಇಲ್ಲಿ ಬ್ಯಾಡ. ತಳದಲ್ಲಿ ಸುಳಿ ಅದೆ.
ಎರಡು ಮಾರು ಆ ಕಡೆ ತಗಳ್ಳಿ.'
ಹರಿಗೋಲು ತಾನೇ ಒಂದು ಸುತ್ತು ತಿರುಗಿತು.
ನಕ್ಷೆಯಲ್ಲಿ ಆ ಸುಳಿ ಇರಲಿಲ್ಲ. ಬರೆದುಕೊಂಡೆ.

ದಡದಲ್ಲಿ ಬಾಡಿಗೆ ಐದು ರೂಪಾಯಿ.
ಬ್ಯಾಂಕಿನವಳ ಹತ್ತಿರ ಚಿಲ್ಲರೆಯಿಲ್ಲ,
ಫೋನು ತೆಗೆದರೆ ಸಿಗ್ನಲ್ಲಿಲ್ಲ.
'ಇರ್ಲಿ, ಬರಕಳ್ಳಿ' ಅಂದ, ಮತ್ತೆ ಟಾರಿಗೆ ಬಗ್ಗಿದ.

ಹಾಸನದ ಕಚೇರಿ, ಸಂಜೆ ಏಳು, ಮೇಲೆ ಫ್ಯಾನಿನ ಕಿರುಗುಟ್ಟು.
ಹದಿನಾಲ್ಕರಲ್ಲಿ ಮುಯ್ಯಿ ಎಂದು ಟೈಪು ಮಾಡಿದೆ.
ಕೆಂಪು ಗೆರೆ: ಅಂಕಿ ಮಾತ್ರ ನಮೂದಿಸಿ.
ಸೊನ್ನೆ ಹಾಕಿದರೆ ಕಡತ ಮುಂದೆ ಹೋಗದು.
ಕೊಡಬೇಕಾದದ್ದು ಒಂದೇ ನೆನಪಿತ್ತು, ಅದನ್ನೇ ಒತ್ತಿದೆ: 5.
ಹಸಿರು ಗುರುತು ಬಿತ್ತು. ಕಡತ ದಾಟಿತು.

ಆಮೇಲೆ ಕಂಡದ್ದು, ಪಕ್ಕದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ:
ಕೋಟಿ ರೂಪಾಯಿಗಳಲ್ಲಿ.

ತಿದ್ದಬೇಕು.
ನಾಳೆ. ಮೊದಲು ಚಿಲ್ಲರೆ ಹುಡುಕಬೇಕು.