ಇಪ್ಪತ್ತೈದನೆಯದು

ಕಲ್ಲು ಮುಗಿದ ಮುರಕಲ್ಲಿನ ಕೋರೆಯಲ್ಲಿ
ಉಳಿಯುವುದು ಗೋಡೆಗಳು ಮಾತ್ರ,
ಯಂತ್ರದ ಹಲ್ಲು ಗೀರಿದ ಸಾಲು ಸಾಲು ಗೆರೆ,
ಯಾರೂ ಬರೆಯದ ಕಾಪಿ ಪುಸ್ತಕ.
ಅಲ್ಲಿ, ಸೀತಾಂಗೋಳಿ ಪದವಿನಾಚೆ,
ಭಾನುವಾರ ಬೆಳಗ್ಗೆ ನಾವು
ಹಾರುವ ಮಣ್ಣಿನ ತಟ್ಟೆ ಒಡೆಯುತ್ತೇವೆ.

ನಗಬೇಡಿ. ನಾನು ಬದಿಯಡ್ಕದಲ್ಲಿ ರವಕೆ ಹೊಲಿಯುವವಳು.
ಒಂದು ಸುತ್ತಿನ ತೋಟೆಗೆ
ಲೈನಿಂಗಿನ ರವಕೆ ಐದು ಮುಗಿಯಬೇಕು,
ಕೊಕ್ಕೆ ಗುಂಡಿ ಸೇರಿ.
ಕೋವಿ ಕ್ಲಬ್ಬಿನದು.
ಹೆಗಲ ಮೇಲಿನ ನೀಲಿ ನನ್ನದು.

ಕಲಿಸಿದವರು ಕುಂಞಂಬಣ್ಣ, ಅಬಕಾರಿಯ ಗಾರ್ಡಾಗಿದ್ದವರು.
ಮೊದಲ ದಿನ ಅಂದದ್ದು ಇಷ್ಟೆ:
"ಒಂದು ಕಣ್ಣು ಮುಚ್ಚಬೇಡ."
ಮೂವತ್ತು ವರ್ಷ ಸೂಜಿಗೆ ನೂಲು ಏರಿಸಿದ್ದು
ಎಡಗಣ್ಣು ಮುಚ್ಚಿಯೇ.
ಅದನ್ನು ತೆರೆದಿಡಲು ಇಡೀ ಒಂದು ಮಳೆಗಾಲ ಹಿಡಿಯಿತು.

ಎರಡನೆಯ ಪಾಠ: ತಟ್ಟೆ ಇದ್ದಲ್ಲಿಗೆ ಹೊಡೆದರೆ
ಆಕಾಶಕ್ಕೆ ತೂತು. ಹೋಗುವಲ್ಲಿಗೆ ಹೊಡಿ.
ಎಷ್ಟು ಮುಂದೆ ಅಂತ ಕೇಳಿದರೆ
ಎರಡು ಕೈ ಅಗಲಿಸಿ ತೋರಿಸಿದರು,
ಮತ್ತೆ ಸಂಶಯ ಬಂದು ಸ್ವಲ್ಪ ಕಿರಿದು ಮಾಡಿದರು.
ಗೊತ್ತಾದದ್ದು ಅಂಗಡಿಯಲ್ಲಿ, ಒಂದು ಜೂನಿನಲ್ಲಿ,
ಐದನೇ ಕ್ಲಾಸಿನ ಹುಡುಗಿಯ ಯೂನಿಫಾರ್ಮಿಗೆ
ಅಂಚಿನಲ್ಲಿ ಎರಡಿಂಚು ಮಡಚುವಾಗ:
ನಾನು ಹೊಲಿಯುತ್ತಿರುವುದು ಎದುರು ನಿಂತವಳಿಗಲ್ಲ,
ಬರುವ ಫೆಬ್ರವರಿಯಲ್ಲಿ ಇವಳಾಗುವ ಹುಡುಗಿಗೆ.

ಆಮೇಲೆ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು.
ಆಮೇಲೆ ಇಪ್ಪತ್ತನಾಲ್ಕು. ಮತ್ತೆ ಇಪ್ಪತ್ತನಾಲ್ಕು.
ಚುನಾವಣೆ ಬಂತು, ಕೋವಿಗಳೆಲ್ಲ ಠಾಣೆಯಲ್ಲಿ ಮಲಗಿದವು,
ಎದ್ದು ಬಂದ ಮೇಲೂ ಇಪ್ಪತ್ತನಾಲ್ಕೇ.
ಆ ದಿನ ತಪ್ಪಿದ ತಟ್ಟೆ
ಮುಳಿಹುಲ್ಲಿನಲ್ಲಿ ಇಡಿಯಾಗಿ ಬಿದ್ದಿತ್ತು.
ಅದ್ರಾಮ ಒರಸಿ ತಂದುಕೊಟ್ಟ, "ಇಟ್ಟುಕೊಳ್ಳಿ ಜಲಜಕ್ಕ."
ಮನೆಯಲ್ಲಿ ಈಗ ಅದರ ಮೇಲೆ
ಸೊಳ್ಳೆಬತ್ತಿ ಉರಿಯುತ್ತದೆ.

ಇಲ್ಲಿ ತಟ್ಟೆ ಕರೆಯುವ ಮಾತು ಒಬ್ಬೊಬ್ಬರಿಗೆ ಒಂದು.
ಕುಂಞಂಬಣ್ಣನಿಗೆ "ವಿಡ್", ಐತಪ್ಪನಿಗೆ "ಬುಡ್ಲ",
ನನಗೆ "ಬಿಡು".
ಯಂತ್ರದ ಹಿಂದೆ ಕೂತ ಅದ್ರಾಮನಿಗೆ
ಮೂರೂ ಒಂದೇ, ಹಗ್ಗ ಎಳೆಯುತ್ತಾನೆ.

ಈ ಡಿಸೆಂಬರಿನ ಎರಡನೇ ಭಾನುವಾರ
ನಾನು ಎಣಿಸಲಿಲ್ಲ ಅಂದರೆ ಸುಳ್ಳು.
ಹದಿನೇಳನೆಯದರ ಅಂಚು ಮಾತ್ರ ಹಾರಿತು.
ಚೂರು ಹಾರಿದರೂ ಲೆಕ್ಕ ಅಂತ
ಸಹಕಾರಿ ಬ್ಯಾಂಕಿನ ಡೈರಿಯಲ್ಲಿ ಐತಪ್ಪ ಗೀಟು ಹಾಕಿದ.
ಇಪ್ಪತ್ತನಾಲ್ಕು ಗೀಟು.
ಆಮೇಲೆ ಯಾರೂ ಮಾತಾಡಲಿಲ್ಲ,
ದೂರದ ಕೋರೆಯ ಗರಗಸವೂ ನಿಂತಂತಿತ್ತು.

"ಬಿಡು" ಅಂದೆ. ತಟ್ಟೆ ಯಂತ್ರದ ಬಾಯಲ್ಲೇ ಪುಡಿಯಾಯಿತು.
ಲೆಕ್ಕಕ್ಕಿಲ್ಲ. ಇನ್ನೊಂದು.
ಅದೂ ಪುಡಿ. ಅದ್ರಾಮ ಸ್ಪಾನರಿಗೆ ಹುಡುಕಿದ,
ಪಂಚೆಯಲ್ಲಿ ಕೈ ಒರಸಿದ, ಬೋಲ್ಟಿಗೆ ಬೈದ.
ಅಷ್ಟರಲ್ಲಿ ನಾನು ಕೂಡಿಸಿಟ್ಟ ಉಸಿರೆಲ್ಲ ಖರ್ಚಾಗಿ
ಫಿಲೋಮಿನಾ ಟೀಚರ ರವಕೆಗೆ
ತೋಳು ತಿರುಗಾಮುರುಗಾ ಹಿಡಿದದ್ದು ನೆನಪಾಯಿತು,
ನಾಳೆ ಬಿಚ್ಚಬೇಕು, ಹಸಿರು ನೂಲು ಮುಗಿದಿದೆ.
"ಆಯ್ತು ಜಲಜಕ್ಕ!"
"ಬಿಡು ಮಾರಾಯ" ಅಂದೆ,
ಹತ್ತು ರೂಪಾಯಿಗೆ ಚೌಕಾಸಿ ಮಾಡುವವರಿಗೆ ಅನ್ನುವ ಹಾಗೆ.

ಎಡಕ್ಕೆ, ತಗ್ಗಿನಲ್ಲಿ, ಕೆಂಪು ಗೋಡೆಗೆ ಕಿತ್ತಳೆ ತಟ್ಟೆ,
ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚು.
ಹೆಗಲು ಮೊದಲು ತಿಳಿಯಿತು, ಆಮೇಲೆ ಕಿವಿ,
ಆಮೇಲೆ ಗಾಳಿಯಲ್ಲಿ ಒಂದು ಹಿಡಿ ಹುಡಿ,
ಸೀಮೆಸುಣ್ಣದ ಡಸ್ಟರು ಬಡಿದಂತೆ.

ಕುಂಞಂಬಣ್ಣ ಖಾಲಿ ತೋಟೆ ಹೆಕ್ಕಿ
ಮೂಸಿ ನೋಡಿ ಕಿಸೆಗೆ ಹಾಕಿಕೊಂಡರು.
ನನಗೆ ಕೊಡಲಿಲ್ಲ. ಕೇಳಲೂ ಇಲ್ಲ.

ಚಹಾದ ಹೊತ್ತಿಗೆ ಕೋರೆಯಡಿಗೆ ಇಳಿದು ಹುಡುಕಿದೆ.
ನೂರಾರು ಚೂರು, ಎಲ್ಲರದೂ, ಎಲ್ಲ ವಾರದ್ದೂ.
"ಯಾವುದಾದರೊಂದು ತಕ್ಕೊಳ್ಳಿ, ಯಾರಿಗೆ ಗೊತ್ತು" ಅಂದ ಅದ್ರಾಮ.
ಬರಿಗೈಯಲ್ಲಿ ಹತ್ತಿ ಬಂದೆ.

ರಾತ್ರಿ ಬತ್ತಿ ಹಚ್ಚಿದೆ.
ಬೂದಿಯ ಬಳೆ ಮುರಿದು ಮುರಿದು
ತಪ್ಪಿದ ಆ ತಟ್ಟೆಯ ಮೇಲೆ ಬೀಳುತ್ತಿತ್ತು.